ಕಿವಿಯ ನೋವೂ ಮದ್ದಿನ ಮಿತಿಯೂ

ಮನೆಮಂದಿಯೆಲ್ಲ ಗಾಢನಿದ್ರೆಯಲ್ಲಿರುವ ನಡುರಾತ್ರಿ. ಎರಡು ದಿನಗಳಿಂದ ನೆಗಡಿಯಿಂದ ಬಳಲುತ್ತಿದ್ದ ಒಂದೂವರೆ ವರ್ಷದ ಕೂಸು ಇದ್ದಕ್ಕಿದ್ದಂತೆ ಚೀರಿ ಎಚ್ಚರಗೊಳ್ಳುತ್ತದೆ. ತಾಯಿ ಎತ್ತಿಕೊಂಡರೂ ಅಳು ನಿಲ್ಲದು. ಹಾಲೂಡಿದರೆ ಎರಡು ಗುಟುಕು ಕುಡಿದು ಮುಖ ತಿರುಗಿಸುತ್ತದೆ. ಮೈ ಕೆಂಡದಂತೆ ಸುಡುತ್ತಿದೆ. ಪುಟ್ಟ ಕೈ ಮತ್ತೆ ಮತ್ತೆ ಕಿವಿಯ ಕಡೆಗೇ ಹೋಗುತ್ತದೆ. ಅಜ್ಜಿ ಒಲೆಯ ಮುಂದೆ ಕುಳಿತು ಬೆಳ್ಳುಳ್ಳಿ ಹಾಕಿದ ಎಣ್ಣೆಯನ್ನು ಬೆಚ್ಚಗೆ ಮಾಡತೊಡಗುತ್ತಾಳೆ. ತಂದೆ ಕಳೆದ ಸಲ ಇಂಥದೇ ಬೇನೆಗೆಂದು ತಂದು ಅರ್ಧ ಉಳಿಸಿದ್ದ ಔಷಧದ ಸೀಸೆಯನ್ನು ಗೋಡೆಯ ಗೂಡಿನಲ್ಲಿ ತಡಕುತ್ತಾನೆ. ಇಬ್ಬರನ್ನೂ ಎಬ್ಬಿಸಿದ್ದು ಮಗುವಿನ ಮೇಲಣ ಮಮತೆಯೇ. ಆದರೆ ಮಮತೆಯೊಡನೆ ತಿಳಿವಳಿಕೆಯೂ ಕೂಡಿರಬೇಕಾದ ಗಳಿಗೆ ಇದು. ಆ ಕೂಸಿನ ಕಿವಿಯೊಳಗೆ ಏನು ನಡೆಯುತ್ತಿದೆ? ಅದಕ್ಕೆ ಮದ್ದು ಯಾವುದು? ಆ ಮದ್ದನ್ನು ಯಾವಾಗ ಕೊಡಬೇಕು, ಯಾವಾಗ ಕೊಡಬಾರದು? ಇವುಗಳನ್ನು ಅರಿಯುವುದು ಪ್ರತಿಯೊಂದು ಮನೆಗೂ ಅಗತ್ಯವಾಗಿದೆ.

ಮೊದಲು ಕಿವಿಯ ರಚನೆಯನ್ನು ಗಮನಿಸೋಣ. ನಾವು ಕಿವಿಯೆಂದು ಕರೆಯುವ, ಓಲೆ ತೊಡುವ ಭಾಗವು ಕಿವಿಯೆಂಬ ಮನೆಯ ಹೆಬ್ಬಾಗಿಲು ಮಾತ್ರ. ಅದರಿಂದ ಒಳಕ್ಕೆ ಹೋಗುವ ನಾಳದ ಕೊನೆಯಲ್ಲಿ ತೆಳುವಾದ ಒಂದು ಪೊರೆ ಬಿಗಿದು ನಿಂತಿದೆ. ಸುಮಾರು 1 ಸೆಂಟಿಮೀಟರ್ ಅಗಲವೂ 1 ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪವೂ ಉಳ್ಳ ಈ ಪೊರೆಯೇ ಕಿವಿಯ ತಮಟೆ. ಅಲ್ಲಿಯವರೆಗಿನದು ಹೊರಗಿವಿ. ತಮಟೆಯ ಆಚೆಗೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆಯಿದೆ, ಅದು ನಡುಗಿವಿ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಆಕಾರಕ್ಕೆ ತಕ್ಕ ಹೆಸರು ಪಡೆದ ಮೂರು ಕಿರುಮೂಳೆಗಳು ಅಲ್ಲಿ ಸರಪಣಿಯಂತೆ ಹೆಣೆದುಕೊಂಡಿವೆ. ಕುದುರೆಯ ಸವಾರನು ಕಾಲಿಡುವ ರಿಕಾಪಿನಂತಿರುವ ಮೂರನೆಯ ಮೂಳೆಯು ನಮ್ಮ ಶರೀರದ ಎಲ್ಲ ಮೂಳೆಗಳಲ್ಲಿ ಅತ್ಯಂತ ಚಿಕ್ಕದು. ಅದರ ಎತ್ತರ ಸುಮಾರು 3 ಮಿಲಿಮೀಟರ್. ಶಬ್ದದ ಅಲೆ ತಾಕಿದಾಗ ತಮಟೆ ಕಂಪಿಸುತ್ತದೆ. ಆ ಕಂಪನವನ್ನು ಈ ಮೂಳೆಗಳು ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಒಳಗಿವಿಗೆ ಮುಟ್ಟಿಸುತ್ತವೆ. ಅಲ್ಲಿಂದ ಶ್ರವಣನರದ ಮೂಲಕ ಸುದ್ದಿ ಮಿದುಳಿಗೆ ಹೋಗುತ್ತದೆ.

ನಡುಗಿವಿಯ ಕೋಣೆಗೆ ಗಾಳಿ ಎಲ್ಲಿಂದ ಬರುತ್ತದೆ? ತಮಟೆಯು ಹೊರಗಡೆಯ ದಾರಿಯನ್ನು ಮುಚ್ಚಿಬಿಟ್ಟಿದೆಯಷ್ಟೆ. ಈ ಕೋಣೆಯಿಂದ ಮೂಗಿನ ಹಿಂಬದಿಯ ಗಂಟಲಿಗೆ ಇಳಿಯುವ ಕಿರಿದಾದ ಕೊಳವೆಯೊಂದಿದೆ. 16ನೆಯ ಶತಮಾನದ ಇಟಲಿಯ ಅಂಗರಚನಾಶಾಸ್ತ್ರಜ್ಞ ಬಾರ್ತೊಲೊಮಿಯೊ ಯೂಸ್ಟೇಷಿಯೊ ಅದನ್ನು ವಿವರವಾಗಿ ವರ್ಣಿಸಿದುದರಿಂದ ಅದಕ್ಕೆ ಯೂಸ್ಟೇಷಿಯನ್ ನಾಳವೆಂದು ಹೆಸರಾಯಿತು. ನಾವು ನುಂಗುವಾಗ, ಆಕಳಿಸುವಾಗ ಅದು ತೆರೆದುಕೊಂಡು ಕಿವಿಯ ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡವನ್ನು ಸಮಗೊಳಿಸುತ್ತದೆ. ಘಟ್ಟವನ್ನು ಹತ್ತುವಾಗ ಗವ್ವೆಂದು ಮುಚ್ಚಿದ ಕಿವಿ ಎಂಜಲು ನುಂಗಿದೊಡನೆ ಬಿಟ್ಟುಕೊಳ್ಳುವುದು ಇದರಿಂದಲೇ. ನಡುಗಿವಿಯಲ್ಲಿ ಒಸರುವ ದ್ರವವು ಹರಿದುಹೋಗುವ ಬಚ್ಚಲೂ ಇದೇ.

ಆದರೆ ಗಾಳಿಗೆ ದಾರಿಯಾದುದು ರೋಗಾಣುಗಳಿಗೂ ದಾರಿಯಾಗಬಲ್ಲುದು. ವಯಸ್ಕರಲ್ಲಿ ಈ ನಾಳವು ಸುಮಾರು 35 ಮಿಲಿಮೀಟರ್ ಉದ್ದವಿದ್ದು ಓರೆಯಾಗಿ ಕೆಳಕ್ಕೆ ಇಳಿಯುತ್ತದೆ. ಹಸುಳೆಗಳಲ್ಲಿ ಅದು ಹೆಚ್ಚುಕಡಿಮೆ ಅದರ ಅರ್ಧದಷ್ಟೇ ಉದ್ದ. ಮೇಲಾಗಿ ಬಹುಮಟ್ಟಿಗೆ ಅಡ್ಡಲಾಗಿ ಮಲಗಿದೆ. ನೆಗಡಿ ಬಂದಾಗ ನಾಳದ ಒಳಪೊರೆ ಊದಿಕೊಂಡು ದಾರಿ ಮುಚ್ಚುತ್ತದೆ. ಕೋಣೆಯಲ್ಲಿ ದ್ರವ ನಿಲ್ಲುತ್ತದೆ. ನಿಂತ ನೀರಿನಲ್ಲಿ ಹುಳು ಹುಟ್ಟುವಂತೆ, ಗಂಟಲಿನಿಂದ ಏರಿ ಬಂದ ಬ್ಯಾಕ್ಟೀರಿಯಗಳು ಅಲ್ಲಿ ಬೆಳೆಯುತ್ತವೆ. ನ್ಯೂಮೋಕಾಕಸ್, ಹೀಮೋಫಿಲಸ್, ಮೊರಾಕ್ಸೆಲ್ಲ ಎಂಬ ಮೂರು ಬಗೆಯವು ಇವುಗಳಲ್ಲಿ ಮುಖ್ಯವಾದವು. ಎಷ್ಟೋ ಸಲ ನೆಗಡಿಯ ವೈರಸ್ಸುಗಳೇ ಈ ಬೇನೆಯನ್ನು ತರುವುದೂ ಉಂಟು. ಕೀವು ತುಂಬಿ ತಮಟೆಯು ಉಬ್ಬಿದಾಗ ಸಹಿಸಲಾಗದ ನೋವು ಉಂಟಾಗುತ್ತದೆ. ಮಲಗಿದಾಗ ನೋವು ಹೆಚ್ಚುವುದರಿಂದ ಕೂಸು ರಾತ್ರಿಯಲ್ಲಿಯೇ ಎದ್ದು ಅಳುತ್ತದೆ. ಆರು ತಿಂಗಳಿಂದ ಎರಡು ವರ್ಷದವರೆಗಿನ ಮಕ್ಕಳಲ್ಲಿ ಈ ಬೇನೆ ಹೆಚ್ಚು. ಮಗು ಬೆಳೆದಂತೆ ನಾಳವೂ ಬೆಳೆದು ಓರೆಯಾಗುವುದರಿಂದ ಅದು ತಾನಾಗಿ ವಿರಳವಾಗುತ್ತ ಬರುತ್ತದೆ.

ಇಂದು ನಾವು ಇದನ್ನು ಸಾಮಾನ್ಯ ಬೇನೆಯೆಂದು ಎಣಿಸುತ್ತೇವೆ. ನೂರು ವರ್ಷಗಳ ಹಿಂದೆ ಹೀಗಿರಲಿಲ್ಲ. ನಡುಗಿವಿಯ ಹಿಂಭಾಗದಲ್ಲಿ, ನಾವು ಕೈಯಿಂದ ಮುಟ್ಟಿ ನೋಡಬಹುದಾದ ಎಲುಬಿನ ಗುಬುಟೊಂದಿದೆ. ಜೇನುಗೂಡಿನಂತೆ ಕಿರುಗೂಡುಗಳಿಂದ ಕೂಡಿದ ಈ ಮ್ಯಾಸ್ಟಾಯ್ಡ್ ಎಲುಬಿಗೆ ಕೀವು ಹಬ್ಬಿದರೆ, ಅಲ್ಲಿಂದ ಮಿದುಳಿಗೆ ಬಲು ಹತ್ತಿರ. ಮಿದುಳಿನ ಪೊರೆಗಳು ಉರಿಯೂತಕ್ಕೆ ಒಳಗಾಗಿ, ಇಲ್ಲವೆ ಮಿದುಳಿನಲ್ಲಿಯೇ ಕೀವುಗಟ್ಟಿ ಮಕ್ಕಳು ಸಾಯುತ್ತಿದ್ದರು. ವೈದ್ಯರ ಕೈಯಲ್ಲಿದ್ದ ಉಪಾಯವೆಂದರೆ ಕಿವಿಯ ಹಿಂದಿನ ಎಲುಬನ್ನು ಉಳಿಯಿಂದ ಕೊರೆದು ಕೀವನ್ನು ಹೊರಡಿಸುವುದು. 1873ರಲ್ಲಿ ಜರ್ಮನಿಯ ಹೆರ್ಮನ್ ಶ್ವಾರ್ಟ್ಸೆ ಈ ಶಸ್ತ್ರಚಿಕಿತ್ಸೆಯ ಕ್ರಮವನ್ನು ವ್ಯವಸ್ಥಿತವಾಗಿ ನಿರೂಪಿಸಿದನು. ಬದುಕಿ ಉಳಿದ ಎಷ್ಟೋ ಮಕ್ಕಳು ಕಿವಿಯ ಹಿಂದೆ ಗುಳಿಬಿದ್ದ ಗಾಯದ ಗುರುತನ್ನು ಜೀವನವಿಡೀ ಹೊತ್ತು ನಡೆದರು.

ಈ ಸ್ಥಿತಿಯನ್ನು ಬದಲಿಸಿದವು ಸೂಕ್ಷ್ಮಜೀವಿಗಳನ್ನು ಕೊಲ್ಲುವ ಹೊಸ ಮದ್ದುಗಳು. 1935ರಲ್ಲಿ ಜರ್ಮನಿಯ ಗೆರ್ಹಾರ್ಟ್ ಡೊಮಾಕ್ ಸಲ್ಫಾ ಔಷಧಗಳಲ್ಲಿ ಮೊದಲನೆಯದನ್ನು ಲೋಕಕ್ಕೆ ತಿಳಿಸಿದನು. ಅದಕ್ಕೂ ಮುನ್ನವೇ, 1928ರಲ್ಲಿ, ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗನು ಬ್ಯಾಕ್ಟೀರಿಯ ಬೆಳೆಸಿದ್ದ ತಟ್ಟೆಯೊಂದರಲ್ಲಿ ಬೂಷ್ಟು ಬೆಳೆದಿರುವುದನ್ನೂ, ಅದರ ಸುತ್ತಲಿನ ಬ್ಯಾಕ್ಟೀರಿಯಗಳು ಅಳಿದಿರುವುದನ್ನೂ ಕಂಡಿದ್ದನು. ಆ ಬೂಷ್ಟಿನ ರಸಕ್ಕೆ ಪೆನಿಸಿಲಿನ್ ಎಂದು ಹೆಸರಿಟ್ಟನು. ಒಂದು ಜೀವಿಯಿಂದ ಹುಟ್ಟಿ ಬ್ಯಾಕ್ಟೀರಿಯಗಳನ್ನು ಅಳಿಸುವ ಇಂಥ ವಸ್ತುಗಳಿಗೆ ಪ್ರತಿಜೈವಿಕಗಳೆಂದು ಹೆಸರು. ಜನರ ಬಾಯಲ್ಲಿ ಬಳಕೆಯಾಗಿರುವ ಆಂಟಿಬಯಾಟಿಕ್ ಎಂಬ ಮಾತು ಇವನ್ನೇ ಸೂಚಿಸುತ್ತದೆ.

ಫ್ಲೆಮಿಂಗನು ಕಂಡುದನ್ನು ಮದ್ದಾಗಿ ಮಾಡಿದವರು ಆಕ್ಸ್‌ಫರ್ಡಿನ ಹೋವರ್ಡ್ ಫ್ಲೋರಿ, ಅರ್ನ್ಸ್ಟ್ ಚೈನ್, ನಾರ್ಮನ್ ಹೀಟ್ಲಿ ಮತ್ತು ಅವರ ಸಂಗಡಿಗರು. 1940ರ ಮೇ ತಿಂಗಳಲ್ಲಿ ಅವರು 8 ಇಲಿಗಳಿಗೆ ಮಾರಕವಾದ ಬ್ಯಾಕ್ಟೀರಿಯಗಳನ್ನು ಚುಚ್ಚಿ, 4ಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಮದ್ದು ಪಡೆದ ನಾಲ್ಕೂ ಉಳಿದವು; ಪಡೆಯದ ನಾಲ್ಕೂ ಸತ್ತವು. 1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನಿಗೆ ಅದನ್ನು ಕೊಡಲಾಯಿತು. ಮುಖವೆಲ್ಲ ಕೀವುಗಟ್ಟಿ, ಒಂದು ಕಣ್ಣನ್ನು ಕಳೆದುಕೊಂಡು, ಸಾವಿನ ಅಂಚಿನಲ್ಲಿದ್ದ ಆತನು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡು ಊಟಮಾಡತೊಡಗಿದನು. ಆದರೆ ಇದ್ದ ಮದ್ದು ಅತ್ಯಲ್ಪ. ಆತನ ಮೂತ್ರದಲ್ಲಿ ಹೊರಬಂದ ಪೆನಿಸಿಲಿನ್ನನ್ನು ಮತ್ತೆ ಶೋಧಿಸಿ ತೆಗೆದು ಅವನಿಗೇ ಕೊಟ್ಟರೂ ಸಾಲದೆ ಹೋಯಿತು. ಮದ್ದು ಮುಗಿಯಿತು, ರೋಗ ಮರುಕಳಿಸಿತು, ಮಾರ್ಚ್ ತಿಂಗಳಲ್ಲಿ ಆತನು ತೀರಿಕೊಂಡನು. ಮದ್ದು ಎಷ್ಟು ಶಕ್ತಿಯುತವಾದುದು, ಸಾಕಷ್ಟು ದಿನ ದೊರೆಯದಿದ್ದರೆ ಏನಾಗುವುದು ಎಂಬ ಎರಡು ಪಾಠಗಳನ್ನೂ ಲೋಕವು ಆ ಒಬ್ಬ ರೋಗಿಯಿಂದ ಕಲಿಯಿತು.

ಪೆನಿಸಿಲಿನ್ ಬ್ಯಾಕ್ಟೀರಿಯವನ್ನು ಕೊಲ್ಲುವ ಬಗೆ ಸೋಜಿಗದ್ದು. ಬ್ಯಾಕ್ಟೀರಿಯದ ಜೀವಕೋಶಕ್ಕೆ ಸುತ್ತಲೂ ಗಟ್ಟಿಯಾದ ಗೋಡೆಯಿದೆ. ಪೆನಿಸಿಲಿನ್ ಆ ಗೋಡೆಯನ್ನು ಕಟ್ಟಲು ಬಿಡುವುದಿಲ್ಲ. ಗೋಡೆ ಸಡಿಲವಾದ ಕೋಶವು ಒಡೆದು ನಾಶವಾಗುತ್ತದೆ. ನಮ್ಮ ಶರೀರದ ಕೋಶಗಳಿಗೆ ಅಂಥ ಗೋಡೆಯೇ ಇಲ್ಲದ ಕಾರಣ ಅವಕ್ಕೆ ಈ ಪೆಟ್ಟು ತಾಕದು. ವೈರಸ್ಸಿಗೂ ಗೋಡೆಯಿಲ್ಲ, ಆದಕಾರಣ ವೈರಸ್ಸಿನಿಂದ ಬಂದ ನೆಗಡಿಗೆ ಈ ಮದ್ದಿನಿಂದ ಎಳ್ಳಷ್ಟೂ ಪ್ರಯೋಜನವಿಲ್ಲ. ಪೆನಿಸಿಲಿನ್ ಕುಲಕ್ಕೇ ಸೇರಿದ ಅಮಾಕ್ಸಿಸಿಲಿನ್ 1972ರಲ್ಲಿ ಬಳಕೆಗೆ ಬಂದಿತು. ಬಾಯಿಯ ಮೂಲಕ ಕೊಡಬಹುದಾದ ಈ ಔಷಧವೇ ನಡುಗಿವಿಯ ಬೇನೆಗೆ ವೈದ್ಯರು ಇಂದಿಗೂ ಮೊದಲು ಆರಿಸುವ ಮದ್ದು. ಭಾರತದಲ್ಲಿ ಪ್ರತಿಜೈವಿಕಗಳ ತಯಾರಿಕೆಗಾಗಿ 1954ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಎಂಬ ಸರ್ಕಾರಿ ಉದ್ಯಮವೂ, 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆಯೂ ಸ್ಥಾಪನೆಗೊಂಡವು.

ಮದ್ದು ಕೈಗೆ ಬಂದಿತು, ಸಾವುಗಳು ಕಡಿಮೆಯಾದವು. ಹಾಗಾದರೆ ಕಿವಿ ನೊಂದ ಪ್ರತಿಯೊಂದು ಮಗುವಿಗೂ ಅದನ್ನು ಕೊಟ್ಟುಬಿಡಬಹುದಲ್ಲವೆ? ಇಲ್ಲಿಯೇ ವಿಚಾರ ಸೂಕ್ಷ್ಮವಾಗುತ್ತದೆ. ಈ ಬೇನೆ ಬಂದ ಮಕ್ಕಳಲ್ಲಿ ಕೆಲವರಿಗೆ ಪ್ರತಿಜೈವಿಕವನ್ನೂ ಕೆಲವರಿಗೆ ಹುಸಿ ಮದ್ದನ್ನೂ ಕೊಟ್ಟು ಹೋಲಿಸಿ ನೋಡಿದ ಪರೀಕ್ಷೆಗಳು ಅನೇಕ ನಡೆದಿವೆ. ಅವನ್ನೆಲ್ಲ ಒಟ್ಟುಗೂಡಿಸಿದ ಕಾಕ್ರೇನ್ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಮದ್ದು ಪಡೆದಿರಲಿ ಬಿಟ್ಟಿರಲಿ, 100ಕ್ಕೆ 60 ಮಕ್ಕಳು 24 ಗಂಟೆಗಳಲ್ಲಿಯೇ ಚೇತರಿಸಿಕೊಂಡಿದ್ದರು. 20 ಮಕ್ಕಳಿಗೆ ಮದ್ದು ಕೊಟ್ಟರೆ, ಎರಡು ಮೂರು ದಿನಗಳ ಹೊತ್ತಿಗೆ ಅದರಿಂದ ನೋವು ತಪ್ಪಿದುದು ಒಬ್ಬರಿಗೆ. ಅದೇ ಮದ್ದಿನಿಂದ 14 ಮಕ್ಕಳಲ್ಲಿ ಒಬ್ಬರಿಗೆ ವಾಂತಿ, ಭೇದಿ ಅಥವಾ ಮೈಮೇಲೆ ದದ್ದು ಉಂಟಾಗಿದ್ದಿತು. ಶರೀರದ ಸ್ವಂತ ರಕ್ಷಣಾಶಕ್ತಿಯೇ ಬಹುಪಾಲು ಮಕ್ಕಳನ್ನು ಗುಣಪಡಿಸುತ್ತದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದರಿಂದ ಮದ್ದೇ ಬೇಡವೆಂದು ತೀರ್ಮಾನಿಸುವುದು ಇನ್ನೊಂದು ತಪ್ಪಾದೀತು. ಈ ಪರೀಕ್ಷೆಗಳಲ್ಲಿ ಹೆಚ್ಚಿನವು ನಡೆದುದು ಸಿರಿವಂತ ದೇಶಗಳಲ್ಲಿ. ವೈದ್ಯರು ದೂರವಿರುವ, ಮಕ್ಕಳಲ್ಲಿ ಪೌಷ್ಟಿಕತೆ ಸಾಲದ, ಕಿವಿಯ ಬೇನೆ ಉಲ್ಬಣಿಸುವ ಸಂಭವ ಹೆಚ್ಚಿರುವ ಎಡೆಗಳಲ್ಲಿ ಲೆಕ್ಕವೇ ಬೇರೆ. ಅಲ್ಲದೆ ಎಲ್ಲ ಮಕ್ಕಳೂ ಒಂದೇ ಅಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2013ರಲ್ಲಿ ಹೊರತಂದ ಸೂತ್ರಗಳು ಈ ವಿವೇಚನೆಗೆ ಒಳ್ಳೆಯ ನಿದರ್ಶನವಾಗಿವೆ. ಅವುಗಳ ಪ್ರಕಾರ ಕಿವಿಯಿಂದ ಕೀವು ಸುರಿಯುತ್ತಿದ್ದರೆ, ಜ್ವರವು 39 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದರೆ, ನೋವು ತೀವ್ರವಾಗಿದ್ದರೆ ಅಥವಾ 48 ಗಂಟೆಗಳಾದರೂ ಬಿಡದಿದ್ದರೆ ಪ್ರತಿಜೈವಿಕವನ್ನು ಕೊಡಬೇಕು. ಎರಡು ವರ್ಷ ತುಂಬದ ಮಗುವಿಗೆ ಎರಡು ಕಿವಿಗಳೂ ಬೇನೆಗೊಳಗಾಗಿದ್ದರೂ ಕೊಡಬೇಕು. ಅದಕ್ಕಿಂತ ಸೌಮ್ಯವಾದ ಬೇನೆಯಾದರೆ, ನೋವಿಗೆ ಶಮನಕಾರಿಯನ್ನು ಕೊಟ್ಟು, ವೈದ್ಯರ ಕಣ್ಗಾವಲಿನಲ್ಲಿಯೇ ಎರಡು ಮೂರು ದಿನ ಕಾದು ನೋಡಬಹುದು. ಕಾಯುವುದೆಂದರೆ ಕಡೆಗಣಿಸುವುದಲ್ಲ, ಬೇನೆ ಹೆಚ್ಚಿದರೆ ಒಡನೆಯೇ ಮದ್ದನ್ನು ಆರಂಭಿಸಲು ಸಿದ್ಧರಾಗಿರುವುದು. ಇದನ್ನು ನಿರ್ಣಯಿಸುವವರು ಬೆಳಕಿನ ಉಪಕರಣವನ್ನು ಕಿವಿಗಿಟ್ಟು ತಮಟೆಯನ್ನು ಕಣ್ಣಾರೆ ಕಂಡ ವೈದ್ಯರೇ ಹೊರತು ಅಂಗಡಿಯವರೂ ಅಲ್ಲ, ನೆರೆಮನೆಯವರೂ ಅಲ್ಲ.

ಮದ್ದನ್ನು ಆರಂಭಿಸಿದ ಮೇಲೆ ಎಷ್ಟು ದಿನ ಕೊಡಬೇಕೆಂಬುದೂ ಮುಖ್ಯ ಪ್ರಶ್ನೆಯೇ. ಎರಡು ವರ್ಷದೊಳಗಿನವರಿಗೆ 10 ದಿನ, ಎರಡರಿಂದ ಐದು ವರ್ಷದವರಿಗೆ 7 ದಿನ, ಆರು ವರ್ಷ ಮೇಲ್ಪಟ್ಟವರಿಗೆ 5ರಿಂದ 7 ದಿನ ಎಂಬುದು ಅದೇ ಸೂತ್ರಗಳ ಸಲಹೆ. ಎಳೆಯ ಮಕ್ಕಳಿಗೂ ದಿನಗಳನ್ನು ಕಡಿತಗೊಳಿಸಿದರೆ ಆಗದೆ ಎಂದು ಅಮೆರಿಕದಲ್ಲಿ 520 ಮಕ್ಕಳ ಮೇಲೆ ನಡೆದ ಪರೀಕ್ಷೆಯೊಂದರ ಫಲಿತಾಂಶ 2016ರಲ್ಲಿ ಹೊರಬಂದಿತು. 10 ದಿನ ಮದ್ದು ಪಡೆದವರಲ್ಲಿ 100ಕ್ಕೆ 16 ಮಂದಿಗೆ ಚಿಕಿತ್ಸೆ ವಿಫಲವಾಗಿದ್ದರೆ, 5 ದಿನ ಪಡೆದವರಲ್ಲಿ 100ಕ್ಕೆ 34 ಮಂದಿಗೆ ವಿಫಲವಾಗಿತ್ತು. ಅಳು ನಿಂತಿತೆಂದು ಮೂರನೆಯ ದಿನವೇ ಸೀಸೆಯನ್ನು ಗೂಡಿನಲ್ಲಿಡುವ ತಂದೆತಾಯಿಗಳು ಈ ಅಂಕಿಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಬೇಡವಾದಾಗ ಕೊಟ್ಟರೂ ಬೇಕಾದಾಗ ಸಾಲದಷ್ಟು ಕೊಟ್ಟರೂ ಇನ್ನೊಂದು ದೊಡ್ಡ ಅಪಾಯವಿದೆ. ಬ್ಯಾಕ್ಟೀರಿಯಗಳು ಸುಮ್ಮನೆ ಸಾಯುವ ಜೀವಿಗಳಲ್ಲ. ಮದ್ದಿನ ಪೆಟ್ಟಿಗೆ ದುರ್ಬಲವಾದವು ಅಳಿದಾಗ, ಅದನ್ನು ತಾಳಿಕೊಳ್ಳುವ ಗುಣವುಳ್ಳ ಕೆಲವು ಉಳಿದು, ಬೆಳೆದು, ತಮ್ಮ ಆ ಗುಣವನ್ನು ಸಂತಾನಕ್ಕೂ ನೆರೆಯ ಬ್ಯಾಕ್ಟೀರಿಯಗಳಿಗೂ ದಾಟಿಸುತ್ತವೆ. ಹೀಮೋಫಿಲಸ್, ಮೊರಾಕ್ಸೆಲ್ಲಗಳಲ್ಲಿ ಅನೇಕವು ಪೆನಿಸಿಲಿನ್ನನ್ನೇ ತುಂಡರಿಸುವ ಕಿಣ್ವವನ್ನು ಸ್ರವಿಸುತ್ತವೆ. ನ್ಯೂಮೋಕಾಕಸ್, ಮದ್ದು ಬಂದು ಹಿಡಿಯುವ ತನ್ನ ತಾಣದ ಆಕಾರವನ್ನೇ ಮಾರ್ಪಡಿಸಿಕೊಳ್ಳುತ್ತದೆ. ಪೆನಿಸಿಲಿನ್ನನ್ನು ಕೆಡಿಸುವ ಕಿಣ್ವವನ್ನು ಚೈನನೂ ಅವನ ಸಹೋದ್ಯೋಗಿ ಎಡ್ವರ್ಡ್ ಏಬ್ರಹಾಮನೂ ಗುರುತಿಸಿದುದು 1940ರಲ್ಲಿ, ಎಂದರೆ ಆ ಪೊಲೀಸಿನವನಿಗೆ ಮದ್ದು ದೊರೆಯುವುದಕ್ಕೂ ಮೊದಲು! 1945ರಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿ ಫ್ಲೆಮಿಂಗನು ಒಂದು ಕಲ್ಪಿತ ದೃಷ್ಟಾಂತವನ್ನು ಹೇಳಿದನು. ಗಂಟಲು ನೋವೆಂದು ಒಬ್ಬನು ತಾನೇ ಪೆನಿಸಿಲಿನ್ ಕೊಂಡು ಸಾಲದಷ್ಟು ಸೇವಿಸುತ್ತಾನೆ. ಅವನ ಗಂಟಲಿನ ಬ್ಯಾಕ್ಟೀರಿಯಗಳು ಸಾಯದೆ ಮದ್ದಿಗೆ ಒಗ್ಗಿಕೊಳ್ಳುತ್ತವೆ. ಅವು ಅವನ ಹೆಂಡತಿಗೆ ಅಂಟಿ ನ್ಯೂಮೋನಿಯ ಉಂಟುಮಾಡುತ್ತವೆ. ಈಗ ಪೆನಿಸಿಲಿನ್ ನಾಟದೆ ಆಕೆ ಸಾಯುತ್ತಾಳೆ. ಮದ್ದನ್ನು ಕಂಡುಹಿಡಿದವನೇ ಅದರ ದುರ್ಬಳಕೆಯನ್ನು ಕುರಿತು ನುಡಿದ ಎಚ್ಚರಿಕೆಯಿದು.

ಆ ಎಚ್ಚರಿಕೆ ಇಂದು ಲೆಕ್ಕದ ರೂಪದಲ್ಲಿ ನಮ್ಮೆದುರಿಗಿದೆ. ಮದ್ದಿಗೆ ಮಣಿಯದ ಬ್ಯಾಕ್ಟೀರಿಯಗಳಿಂದ 2019ರಲ್ಲಿ ಲೋಕದಲ್ಲಿ ನೇರವಾಗಿ ಸತ್ತವರು ಸುಮಾರು 12 ಲಕ್ಷ 70 ಸಾವಿರ ಮಂದಿಯೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವೈದ್ಯರ ಚೀಟಿಯಿಲ್ಲದೆ ಇಂಥ ಮದ್ದುಗಳನ್ನು ಕೊಳ್ಳಬಾರದೆಂದು ಜನರಿಗೆ ತಿಳಿಸಲು ಭಾರತ ಸರ್ಕಾರವು 2016ರಲ್ಲಿ ಕೆಂಪು ಗೆರೆಯ ಪ್ರಚಾರವನ್ನು ಕೈಗೊಂಡಿತು. ಮಾತ್ರೆಯ ಪಟ್ಟಿಯ ಮೇಲೆ ನೀಳವಾದ ಕೆಂಪು ಗೆರೆ ಕಂಡರೆ, ಅದು ಅಲಂಕಾರವಲ್ಲ, ಎಚ್ಚರಿಕೆ.

ಸಕಾಲದಲ್ಲಿ ಸರಿಯಾದ ಚಿಕಿತ್ಸೆ ದೊರೆಯದ ಕಿವಿಯ ಗತಿಯೇನು? ಕೀವಿನ ಒತ್ತಡಕ್ಕೆ ತಮಟೆ ತೂತಾಗುತ್ತದೆ. ಅನೇಕ ವೇಳೆ ಆ ತೂತು ತಾನೇ ಮಾಯುತ್ತದೆ. ಮಾಯದಿದ್ದರೆ ಕಿವಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಸೋರುತ್ತಿರುತ್ತದೆ. ಇದಕ್ಕೆ ನುಂಗುವ ಮಾತ್ರೆಗಳಿಗಿಂತ, ಕಿವಿಯನ್ನು ಒರೆಸಿ ಒಣಗಿಸಿ ವೈದ್ಯರು ಹೇಳಿದ ಹನಿಮದ್ದು ಹಾಕುವುದು ಹೆಚ್ಚು ಪರಿಣಾಮಕಾರಿ. ಅಗತ್ಯಬಿದ್ದರೆ ಶಸ್ತ್ರಚಿಕಿತ್ಸೆಯಿಂದ ತೂತನ್ನು ಮುಚ್ಚಬಹುದು. ಲೋಕದಲ್ಲಿ ಸೋರುಕಿವಿಯುಳ್ಳವರು 6.5 ಕೋಟಿಯಿಂದ 33 ಕೋಟಿಯವರೆಗೆ ಇರಬಹುದೆಂದೂ ಅವರಲ್ಲಿ 100ಕ್ಕೆ 60 ಮಂದಿಯ ಶ್ರವಣಶಕ್ತಿ ಕುಂದಿರುವುದೆಂದೂ ವಿಶ್ವ ಆರೋಗ್ಯ ಸಂಸ್ಥೆಯ 2004ರ ವರದಿ ಹೇಳಿತು. ಇವರಲ್ಲಿ ಅನೇಕರು ಮಕ್ಕಳು. ಹಿಂದಿನ ಸಾಲಿನಲ್ಲಿ ಕುಳಿತು, ಕರೆದರೆ ಓಗೊಡದೆ, ಉಕ್ತಲೇಖನದಲ್ಲಿ ತಪ್ಪು ಬರೆದು, ದಡ್ಡನೆನಿಸಿಕೊಳ್ಳುವ ಹುಡುಗನ ತಪ್ಪು ಬುದ್ಧಿಯದಲ್ಲದೆ ಇರಬಹುದು; ಅವನ ಕಿವಿಯನ್ನು ಯಾರೂ ನೋಡಿಲ್ಲದಿರಬಹುದು. ಅಂಥ ಸಹಪಾಠಿಯನ್ನು ಕಂಡಾಗ ನಗದೆ ಗುರುಗಳಿಗೆ ತಿಳಿಸುವುದು ನಿಜವಾದ ಸ್ನೇಹ. ಕೇಳುವ ಶಕ್ತಿಯನ್ನು ಅಳೆದು ನೆರವಾಗಲು ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕೇಂದ್ರಗಳು ನಮ್ಮ ನಾಡಿನಲ್ಲಿಯೇ ಇವೆ.

ಬೇನೆ ಬಾರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು. ಮೊದಲ ಆರು ತಿಂಗಳು ಎದೆಹಾಲನ್ನೇ ಊಡುವುದು, ಮಲಗಿರುವ ಮಗುವಿನ ಬಾಯಿಗೆ ಹಾಲಿನ ಸೀಸೆಯನ್ನು ಇಡದಿರುವುದು, ಬೀಡಿ ಸಿಗರೇಟುಗಳ ಹೊಗೆ ಮಗುವಿಗೆ ಸೋಂಕದಂತೆ ಕಾಯುವುದು, ಇವು ಖರ್ಚಿಲ್ಲದ ಉಪಾಯಗಳು. ನ್ಯೂಮೋಕಾಕಸ್ ವಿರುದ್ಧದ ಲಸಿಕೆಯು 2017ರಲ್ಲಿ ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವನ್ನು ಸೇರಿ, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು.

ಈಗ ಆ ನಡುರಾತ್ರಿಯ ಮನೆಗೆ ಮರಳೋಣ. ಅಜ್ಜಿಯ ಎಣ್ಣೆ ತಮಟೆಯನ್ನು ದಾಟಿ ನಡುಗಿವಿಯನ್ನು ಮುಟ್ಟಲಾರದು. ತಮಟೆ ತೂತಾಗಿದ್ದರೆ ಮುಟ್ಟಿ ಕೇಡನ್ನೇ ಮಾಡೀತು. ತಂದೆ ಹುಡುಕುತ್ತಿರುವ ಸೀಸೆಯ ಮದ್ದು ನೀರು ಬೆರೆಸಿದ ಕೆಲವೇ ದಿನಗಳಲ್ಲಿ ಸತ್ವ ಕಳೆದುಕೊಂಡಿದೆ. ಅಂದು ಅದು ಉಳಿದುದೇ ಒಂದು ತಪ್ಪು, ಇಂದು ಅದನ್ನು ಕೊಡುವುದು ಎರಡನೆಯ ತಪ್ಪು. ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು, ಜ್ವರಕ್ಕೂ ನೋವಿಗೂ ವೈದ್ಯರು ಹಿಂದೆ ತಿಳಿಸಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಕೊಟ್ಟು, ಮಗುವನ್ನು ಹೆಗಲಿಗೆ ಒರಗಿಸಿಕೊಂಡು ಸಮಾಧಾನಪಡಿಸಬೇಕು. ಬೆಳಗಾದೊಡನೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮಗು ಮಂಕಾದರೆ, ಕಿವಿಯ ಹಿಂದೆ ಊದಿಕೊಂಡರೆ, ಕತ್ತು ಬಿಗಿದರೆ ಬೆಳಗಿನವರೆಗೂ ಕಾಯಬಾರದು. ವೈದ್ಯರು ಮದ್ದು ಬೇಡವೆಂದರೆ ಒತ್ತಾಯಿಸಿ ಬರೆಸಿಕೊಳ್ಳಬಾರದು. ಬೇಕೆಂದರೆ ಹೇಳಿದಷ್ಟು ದಿನ ತಪ್ಪದೆ ಕೊಡಬೇಕು.

ಪ್ರತಿಜೈವಿಕವು ಒಂದು ಮನೆಯ ಸ್ವತ್ತಲ್ಲ. ಊರ ಕೆರೆಯಂತೆ ಅದು ಎಲ್ಲರಿಗೂ ಸೇರಿದ್ದು. ಒಬ್ಬರು ಕಲಕಿದರೆ ಎಲ್ಲರೂ ಬಗ್ಗಡವನ್ನೇ ಕುಡಿಯಬೇಕಾಗುತ್ತದೆ. ನಮ್ಮ ಮನೆಯ ಕೂಸಿಗೆ ಇಂದು ನಾಟುವ ಮದ್ದು ಮುಂದೆ ಹುಟ್ಟಲಿರುವ ಕೂಸುಗಳಿಗೂ ನಾಟುವಂತೆ ಉಳಿಸಿಕೊಡುವುದು ನಮ್ಮ ಹೊಣೆ.